ಜಗಲಿಗೆ ಹಚ್ಚಿದ ಮೇಣ

ಹನ್ಯು ಪಟ್ಟಣದಲ್ಲಿ ಕುರಿಹಾರ ತೆತ್ಸುರೋನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ತೋಫು ಮಾರುವವನಿಗೂ ಕ್ಷೌರದಂಗಡಿಯವನಿಗೂ ಅವನು ‘ಮಮೆಕಿಚಿಯ ಅಪ್ಪ’. ಮಮೆಕಿಚಿ ಅವನ ಮಗನಲ್ಲ. ಟೋಕಿಯೊದ ವಾರಪತ್ರಿಕೆಯೊಂದಕ್ಕೆ ಅವನು ಬರೆಯುತ್ತಿದ್ದ ನಗೆಚಿತ್ರಕಥೆಯ ಪೋರ. ಅವರೆಕಾಳಿನಂಥ ತಲೆ, ಸೊಂಟದಲ್ಲಿ ನಿಲ್ಲದ ಚಡ್ಡಿ, ಯಾವಾಗಲೂ ಐದೇ ವರ್ಷ. ಶಿಶುವಿಹಾರದ ಟೀಚರಮ್ಮನ ಮದುವೆ ಮಾತುಕತೆಗೆ ನುಗ್ಗಿ ಕೆಡಿಸುವುದು, ಪೊಲೀಸನ ಟೋಪಿಯಲ್ಲಿ ಕಪ್ಪೆ ಸಾಕುವುದು, ಸ್ನಾನದ ಮನೆಯಿಂದ ಬೆತ್ತಲೆ ಓಡಿ ನೆಂಟರ ನಡುವೆ ಕುಣಿಯುವುದು ಅವನ ಕಸುಬು. ರೈಲಿನಲ್ಲಿ ಕೋಟು ತೊಟ್ಟ ದೊಡ್ಡವರೂ ಅವನ ಪುಟ ತೆರೆದು ಭುಜ ಕುಲುಕಿಸಿ ನಗುತ್ತಿದ್ದರು.

ಅದಕ್ಕೆ ಮುಂಚೆ ತೆತ್ಸುರೋ ಬಹಳ ವರ್ಷ ಸಮುರಾಯಿಗಳ ಕಥೆ ಬರೆದಿದ್ದ. ಹಿಮ, ಕತ್ತಿ, ಸೇಡು. ಯಾರೂ ಮೂಸಿ ನೋಡಲಿಲ್ಲ. ಆಮೇಲೊಂದು ದಿನ ಅವನ ತಾಯಿಯ ವರ್ಷದ ಕಾರ್ಯದಲ್ಲಿ ಭಿಕ್ಷುಗಳು ಕಣ್ಣುಮುಚ್ಚಿ ಸೂತ್ರ ಪಠಿಸುತ್ತಿದ್ದಾಗ, ಆಗಷ್ಟೇ ನಾಲ್ಕು ತುಂಬಿದ್ದ ಮಗ ಗೆಂತ ಹಿಂದಿನಿಂದ ಹೋಗಿ, ಅವರ ಬೋಳುತಲೆಗೆ ಅನ್ನಕ್ಕೆ ಸುತ್ತುವ ಕಡಲಪಾಚಿಯ ಹಾಳೆಯನ್ನು ನೀಟಾಗಿ ಅಂಟಿಸಿಬಿಟ್ಟ. ಕೂದಲು ಬಂದಂತೆಯೇ ಕಾಣುತ್ತಿತ್ತು. ನೆಂಟರೆಲ್ಲ ನಗು ತಡೆಯಲಾರದೆ ಚಾಪೆಗೆ ಹಣೆ ಹಚ್ಚಿ ನಡುಗಿದರು. ತೆತ್ಸುರೋ ಅಂದೇ ಕೂತು ಅದನ್ನು ಬರೆದ. ಮಮೆಕಿಚಿ ಹುಟ್ಟಿದ್ದು ಹಾಗೆ.

ಗೆಂತನ ಬೀದಿಯ ತುದಿಯಲ್ಲಿ ಓಗಿಸೊ ಉಮೆನೊ ಎಂಬ ಮುದುಕಿಯ ಮಿಠಾಯಿ ಅಂಗಡಿ. ಮುಂದೆ ಮಣ್ಣಿನ ನೆಲ, ಅದರ ತುಂಬ ಗಾಜಿನ ಜಾಡಿಗಳು. ಹಿಂದೆ ಮೊಣಕಾಲೆತ್ತರದ ಮರದ ಜಗಲಿ. ಆ ಜಗಲಿಯ ಮೇಲೆ ದಿಂಬು ಹಾಕಿಕೊಂಡು ಕೂತಿರುತ್ತಿದ್ದ ಉಮೆನೊ ಅಜ್ಜಿ, ಮಕ್ಕಳು ಬಂದರೆ ದಿಂಬಿನ ಸಮೇತ ಅಂಚಿಗೆ ಸರಿದು, ಕೆಳಗಿನ ಚಪ್ಪಲಿಗೆ ಕಾಲು ತೂರಿಸಿ ಇಳಿಯುತ್ತಿದ್ದಳು. ತೆತ್ಸುರೋ ಅವಳನ್ನೂ ಕಥೆಯೊಳಗೆ ಎಳೆದಿದ್ದ. ಅಲ್ಲಿ ಅವಳು ಹಲ್ಲಿಲ್ಲದ ರಾಕ್ಷಸಿ, ಮಮೆಕಿಚಿಯನ್ನು ಕೋಲು ಹಿಡಿದು ಅಟ್ಟಿಸಿಕೊಂಡು ಹೋಗುವವಳು. ಬೇರೆ ಯಾರಾದರೂ ಆಗಿದ್ದರೆ ಜಗಳಕ್ಕೆ ಬರುತ್ತಿದ್ದರೇನೋ. ಉಮೆನೊ ಅಜ್ಜಿ ವಾರವಾರವೂ ಪತ್ರಿಕೆ ತರಿಸಿ ಜಾಡಿಗಳ ಮುಂದೆ ತೂಗುಹಾಕುತ್ತಿದ್ದಳು. “ನೋಡ್ರೋ, ಇದು ನಾನು. ಇಡೀ ಜಪಾನಿಗೆ ನನ್ನ ಬೊಚ್ಚು ಬಾಯಿ ಗೊತ್ತು” ಎನ್ನುತ್ತಿದ್ದಳು.

ಮಮೆಕಿಚಿಗೆ ವಯಸ್ಸಾಗಲಿಲ್ಲ, ಗೆಂತನಿಗಾಯಿತು. ಶಾಲೆಗೆ ಸೇರಿದ, ಬೆನ್ನಿಗೆ ಚರ್ಮದ ಚೀಲ ಬಂತು, ಎರಡನೇ ತರಗತಿಗೆ ಬರುವಷ್ಟರಲ್ಲಿ ನಾಚಿಕೆಯೂ ಬಂತು. ಸ್ನಾನದ ಮನೆಯ ಬಾಗಿಲು ಹಾಕಿಕೊಳ್ಳತೊಡಗಿದ. ಅತಿಥಿಗಳು ಬಂದರೆ ನಮಸ್ಕರಿಸಿ ಒಳಗೆ ಹೋಗುತ್ತಿದ್ದ. ತಾಯಿ ಚಿಗುಸಳಿಗೆ ಜೀವ ತಂಪಾಯಿತು. ತೆತ್ಸುರೋಗೆ ಮಾತ್ರ ಬರೆಯಲು ಏನೂ ಸಿಗದಾಯಿತು.

ಚಕ್ರವರ್ತಿ ತೀರಿಕೊಂಡು, ಅವನ ಮಗ ಪಟ್ಟಕ್ಕೆ ಬಂದು ಹೊಸ ಯುಗ ಶುರುವಾದ ವರ್ಷದ ವಸಂತ. ಟೋಕಿಯೊದಿಂದ ಸಂಪಾದಕ ನಿಶಿವಾಕಿ ಸಿಹಿ ಪೊಟ್ಟಣ ಹಿಡಿದುಕೊಂಡು ಬಂದ. ಚೊಕ್ಕ ಬಟ್ಟೆಯ, ಯಾವ ಕೆಟ್ಟ ಸುದ್ದಿಯನ್ನೂ ನಗುನಗುತ್ತಲೇ ಹೇಳುವ ಮನುಷ್ಯ.

“ಮೇಷ್ಟ್ರೇ, ಓದುಗರ ಮತದಲ್ಲಿ ನಾವು ಕೆಳಗೆ ಇಳೀತಿದ್ದೀವಿ. ಮಮೆಕಿಚಿ ಯಾಕೋ ಸಾಧು ಆಗ್ಬಿಟ್ಟಿದಾನೆ ಅಂತ ಕಾಗದ ಬರ್ತಿವೆ” ಎಂದ. ಅಷ್ಟರಲ್ಲಿ ಗೆಂತ ಟೀ ತಟ್ಟೆ ಹಿಡಿದುಕೊಂಡು ಬಂದು ಮೊಣಕಾಲೂರಿ ಬಟ್ಟಲುಗಳನ್ನು ಇಳಿಸಿಟ್ಟ. ನಿಶಿವಾಕಿ ಅವನ ತಲೆ ಸವರಿ, “ಅಯ್ಯೋ, ಇವನೇ ಕಾರಣ ನೋಡಿ. ಎಷ್ಟು ಒಳ್ಳೇ ಹುಡುಗ ಆಗೋದ್ಯಪ್ಪ ನೀನು. ನಮ್ಮ ಹೊಟ್ಟೆ ಮೇಲೆ ಹೊಡೆದೆಯಲ್ಲೋ” ಎಂದು ನಕ್ಕ.

ತೆತ್ಸುರೋ ಕೂಡ ನಕ್ಕ. ಗೆಂತ ನಗಲಿಲ್ಲ. ತಟ್ಟೆ ಎದೆಗೆ ಒತ್ತಿಕೊಂಡು ಒಮ್ಮೆ ಅಪ್ಪನ ಮುಖ, ಒಮ್ಮೆ ಅತಿಥಿಯ ಮುಖ ನೋಡಿದ.

ಅದಾದ ವಾರವೇ ಹುಡುಗ ಶಾಲೆಗೆ ಅಮ್ಮನ ಏಪ್ರನ್ ಕಟ್ಟಿಕೊಂಡು ಹೋದ. ಮುಂದಿನ ವಾರ ಮುಖ್ಯೋಪಾಧ್ಯಾಯರ ಬೂಟಿನೊಳಗೆ ಹುದುಗು ಬಂದ ಅಂಟಂಟು ಸೋಯಾಕಾಳು ಸುರಿದ. ಶಾಲೆಯಿಂದ ಕರೆ ಬಂದಾಗ ಚಿಗುಸ ನಾಚಿಕೆಯಿಂದ ಕುಗ್ಗಿಹೋದಳು. ತೆತ್ಸುರೋ ಹೊಟ್ಟೆ ಹಿಡಿದುಕೊಂಡು ನಕ್ಕ, ಗೆಂತನನ್ನು ತೊಡೆಯ ಮೇಲೆ ಕೂರಿಸಿಕೊಂಡು, “ಆಮೇಲೆ? ಅವರ ಮುಖ ಹೆಂಗಾಯ್ತು, ಮಾಡಿ ತೋರ್ಸು” ಎಂದು ಕೇಳಿ ಕೇಳಿ ಬರೆದುಕೊಂಡ. ಹುಡುಗನ ಕೆನ್ನೆ ಕೆಂಪಾಗಿತ್ತು. ಅಪ್ಪ ಅವನನ್ನು ತೊಡೆಯ ಮೇಲೆ ಕೂರಿಸಿಕೊಳ್ಳದೆ ವರ್ಷವೇ ಆಗಿತ್ತು.

“ರೀ, ಅವನಿಗೆ ಇದು ಬೇಕಾಗಿಲ್ಲ. ನಿಮಗೋಸ್ಕರ ಮಾಡ್ತಿದಾನೆ” ಎಂದಳು ಚಿಗುಸ.

“ಹುಡುಗ್ರು ತಂಟೆ ಮಾಡ್ದೆ ಇನ್ನೇನು ಮುದುಕ್ರು ಮಾಡ್ತಾರಾ?”

“ಮಾಡಿದ ಮೇಲೆ ರಾತ್ರಿ ನಿದ್ದೆ ಬರಲ್ಲ ಅವನಿಗೆ. ಹೊಟ್ಟೆನೋವು ಅಂತಾನೆ. ನಿಮಗೆ ಗೊತ್ತಾ ಅದು?”

ತೆತ್ಸುರೋಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಅದನ್ನು ಪಕ್ಕಕ್ಕಿಟ್ಟ. ಪುಟ ಕೊಡುವ ದಿನ ಹತ್ತಿರವಿತ್ತು.

ಮೇ ತಿಂಗಳ ಒಂದು ಬೆಳಗ್ಗೆ ಊಟದ ಮೇಜಿನ ಮುಂದೆ ಅವನು ಸಾರು ಆರುತ್ತಿದ್ದರೂ ನೋಡದೆ ಕೂತಿದ್ದ. “ಉಮೆನೊ ಅಜ್ಜಿ ದಿಂಬಿನ ಮೇಲೆ ಕೂತ್ಕೊಂಡೇ ಜಗಲಿಯಿಂದ ಜಾರಿ, ಬೀದಿ ದಾಟಿ, ರೈಲ್ವೆ ಸ್ಟೇಷನ್ನಿನ ತನಕ ಹೋದ್ರೆ ಹೆಂಗಿರತ್ತೆ?” ಎಂದ.

“ಚೆನ್ನಾಗಿರಲ್ಲ. ಊಟ ಮಾಡಿ” ಎಂದಳು ಚಿಗುಸ.

“ಏನ್ ಹಚ್ಚಿದ್ರೆ ಜಾರ್ತಾಳೆ ಅನ್ನೋದೇ ಹೊಳೀತಿಲ್ಲ. ಎಣ್ಣೆ ಹಳೇದಾಯ್ತು. ಬಾಳೆಹಣ್ಣಿನ ಸಿಪ್ಪೆ ಅಂತೂ ನಮ್ಮಜ್ಜನ ಕಾಲದ್ದು.”

“ಮೇಣ?” ಎಂದ ಗೆಂತ ಬಟ್ಟಲಿನಿಂದ ತಲೆಯೆತ್ತಿ. “ಸ್ಕೂಲಲ್ಲಿ ಬಾಗಿಲು ಸಲೀಸಾಗಿ ಸರೀಲಿ ಅಂತ ಮೇಣದಬತ್ತಿ ಉಜ್ಜುತೀವಲ್ಲ.”

“ಭೇಷ್ ಕಣೋ” ಎಂದ ತೆತ್ಸುರೋ. ಅವನ ಕಣ್ಣು ಒಂದು ಕ್ಷಣ ಹೊಳೆದು ಮತ್ತೆ ಮಂಕಾಯಿತು. “ಆದ್ರೂ ಜಾರೋದು ಕಣ್ಣಿಗೆ ಕಟ್ತಿಲ್ಲ. ಒಂದ್ಸಲ ನೋಡಿದ್ರೆ ಬರೀಬಹುದಿತ್ತು.”

ಹುಡುಗ ಸಾರು ಕುಡಿದು ಮುಗಿಸಿ, ಚೀಲ ಹೊತ್ತು ಶಾಲೆಗೆ ಹೋದ.

ಸಂಜೆ ಅವನು ಓಡಿಕೊಂಡು ಬಂದಾಗ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಶಾಲೆ ಬಿಟ್ಟ ಮೇಲೆ, ಅಜ್ಜಿ ಹಿತ್ತಿಲಿಗೆ ಹೋದ ಹೊತ್ತು ನೋಡಿ ಜಗಲಿಯ ಅಂಚಿಗೆಲ್ಲ ಮೇಣದಬತ್ತಿ ಉಜ್ಜಿದ್ದ. ಅವಳು ಬಂದು ಕೂತಳು. ಯಾರೋ ಹುಡುಗಿ ಬಂದು ಮಿಠಾಯಿ ಕೇಳಿದಳು. ಅಜ್ಜಿ ದಿಂಬಿನ ಮೇಲೆ ಎಂದಿನಂತೆ ಮುಂದೆ ಸರಿದಳು. ದಿಂಬು ದೋಣಿಯ ಹಾಗೆ ಹೋಯಿತು. ಅಜ್ಜಿ ಕಾಲು ಮೇಲೆ ಮಾಡಿ ಮಣ್ಣಿನ ನೆಲಕ್ಕೆ ಧೊಪ್ಪನೆ ಬಂದಳು.

“ಆಮೇಲೆ?” ಎಂದ ತೆತ್ಸುರೋ ಪೆನ್ಸಿಲು ಹಿಡಿದು.

“ನಕ್ಕಳು. ಏ ಕಳ್ಳ, ನಿಮ್ಮಪ್ಪ ಇದನ್ನೂ ಬರೀತಾನೆ ಅಲ್ವಾ, ಅಂದಳು.”

“ಕೈ ಎಲ್ಲಿತ್ತು? ಹಿಂಗಾ, ಹಿಂಗಾ?”

“ಒಂದು ಕೈ ಮೇಲೆ. ಒಂದು ಹಿಂದೆ.” ಗೆಂತ ಚಾಪೆಯ ಮೇಲೆ ಬಿದ್ದು ತೋರಿಸಿದ. ತೆತ್ಸುರೋ ಗಹಗಹಿಸಿದ. ಎಷ್ಟೋ ತಿಂಗಳಿಂದ ಹಾಗೆ ನಕ್ಕಿರಲಿಲ್ಲ. ಅಜ್ಜಿಗೆ ಪೆಟ್ಟಾಯಿತೇ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ, ಬೀಳುವಾಗ ಅವಳ ತಲೆಯ ಹಿಂಭಾಗ ಜಗಲಿಯ ಅಂಚಿಗೆ ತಾಗಿದ್ದನ್ನು ಹುಡುಗ ಹೇಳುತ್ತಿದ್ದನೋ ಏನೋ. ಪೆನ್ಸಿಲು ಆಗಲೇ ಓಡುತ್ತಿತ್ತು. ಅಜ್ಜಿ ದಿಂಬಿನ ಮೇಲೆ ಜಾರಿ ಮೀನಿನಂಗಡಿ ಹೊಕ್ಕು, ಬಾಯಲ್ಲಿ ಮೀನು ಕಚ್ಚಿಕೊಂಡು ಹೊರಬಂದು, ಮದುವೆ ದಿಬ್ಬಣ ಸೀಳಿ, ಓಡುವ ರೈಲು ಹತ್ತಿದಳು. ಪುಟಗಳು ಟೋಕಿಯೊಗೆ ಹೋದವು. ನಿಶಿವಾಕಿ ಫೋನ್ ಮಾಡಿ, “ಮೇಷ್ಟ್ರೇ, ಮಮೆಕಿಚಿ ವಾಪಸ್ ಬಂದ” ಎಂದ.

ಬರೆದದ್ದು ಅಚ್ಚಾಗಿ ಅಂಗಡಿಗೆ ಬರಲು ವಾರಗಳು ಹಿಡಿಯುತ್ತವೆ. ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ಉಮೆನೊ ಅಜ್ಜಿ ತಲೆನೋವು ಎನ್ನತೊಡಗಿದಳು. ಹವಾಮಾನ ಎಂದರು ಎಲ್ಲರೂ. ಸೋಡಾ ಕೇಳಿದ ಮಕ್ಕಳಿಗೆ ಸೀಗಡಿ ಹಪ್ಪಳ ಕೊಟ್ಟಳು. ವಯಸ್ಸು ಎಂದರು. ಒಂದು ಮಧ್ಯಾಹ್ನ ಚಿಗುಸ ಅಂಗಡಿಯ ಮುಂದೆ ಹಾದು ಬರುವಾಗ ಅಜ್ಜಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮಳೆಯಲ್ಲಿ ನಿಂತಿದ್ದಳು. ಯಾರಿಗೆ ಕಾಯುತ್ತಿದ್ದೀರಿ ಎಂದರೆ ಯುದ್ಧದಲ್ಲಿ ಸತ್ತ ಅಣ್ಣನ ಹೆಸರು ಹೇಳಿದಳಂತೆ.

“ಮಗನಿಗೆ ಹೇಳೋಣ ರೀ” ಎಂದಳು ಚಿಗುಸ ಮನೆಗೆ ಬಂದು. ಅಜ್ಜಿಯ ಮಗ ಯಸುನೋರಿ ಪಕ್ಕದ ಗ್ಯೋದ ಪಟ್ಟಣದ ಬಟ್ಟೆ ಕಾರ್ಖಾನೆಯಲ್ಲಿದ್ದ. ರಜಾದಿನ ಮಾತ್ರ ಬಂದು ಹೋಗುತ್ತಿದ್ದ.

“ಭಾನುವಾರ ಬರ್ತಾನಲ್ಲ, ಅವನೇ ನೋಡ್ತಾನೆ” ಎಂದ ತೆತ್ಸುರೋ, ಕಾಗದದಿಂದ ಕಣ್ಣು ಕೀಳದೆ.

ಗೋಡೆಗೆ ಒರಗಿ ಕೂತಿದ್ದ ಗೆಂತ ಎದ್ದು ಹೊರಗೆ ಹೋದ.

ಭಾನುವಾರಕ್ಕೆ ಮುಂಚೆಯೇ ಉಮೆನೊ ಅಜ್ಜಿ ಜಾಡಿಗಳ ನಡುವೆ ಕುಸಿದು ಬಿದ್ದಳು. ಆಸ್ಪತ್ರೆಗೆ ಒಯ್ದರು, ಮತ್ತೆ ಕಣ್ಣು ಬಿಡಲಿಲ್ಲ. ಅವಳು ಸತ್ತ ಮಾರನೇ ದಿನ ಪತ್ರಿಕೆ ಮಾರಾಟಕ್ಕೆ ಬಂತು. ಅಜ್ಜಿ ತರಿಸುತ್ತಿದ್ದ ಪ್ರತಿಯನ್ನು ಹಂಚುವವನು ಎಂದಿನಂತೆ ಮುಚ್ಚಿದ ಬಾಗಿಲಿಗೆ ಒರಗಿಸಿ ಹೋಗಿದ್ದ. ಶಾಲೆಗೆ ಹೋಗುವ ಹುಡುಗರು ಅದನ್ನು ಅಲ್ಲೇ ಬಿಡಿಸಿ, ಜಾರುವ ಅಜ್ಜಿಯನ್ನು ನೋಡಿ ಬಿದ್ದು ಬಿದ್ದು ನಕ್ಕರು. ಅವರಿಗೆ ಸಾವಿನ ಸುದ್ದಿ ಇನ್ನೂ ಗೊತ್ತಿರಲಿಲ್ಲ. ಒಳಗೆ ಯಸುನೋರಿ ತಾಯಿಯ ಬಟ್ಟೆ ಮಡಚುತ್ತಿದ್ದ.

ಶವಸಂಸ್ಕಾರ ಊರ ದೇಗುಲದಲ್ಲಿ ನಡೆಯಿತು. ತೆತ್ಸುರೋ ಕಪ್ಪು ಕೋಟು, ಚಿಗುಸ ಕಪ್ಪು ಕಿಮೊನೊ, ಗೆಂತ ಶಾಲೆಯ ಸಮವಸ್ತ್ರ. ಹೂಗಳ ನಡುವೆ ಅಜ್ಜಿಯ ಫೋಟೊ, ಬೊಚ್ಚು ಬಾಯಿ ತೆರೆದು ನಗುತ್ತಿತ್ತು. ಯಾವುದೋ ಸುದ್ದಿಗಾರ ಅಂಗಡಿಗೆ ಬಂದಾಗ ತೆಗೆದದ್ದು. ಕೈಯಲ್ಲಿದ್ದ ಪತ್ರಿಕೆಯನ್ನು ಕತ್ತರಿಸಿ ತೆಗೆದಿದ್ದರೂ ಅದರ ಒಂದು ಮೂಲೆ ಉಳಿದುಬಿಟ್ಟಿತ್ತು. ಮೂವರೂ ಸಾಲಾಗಿ ಹೋಗಿ ಚಿಟಿಕೆ ಧೂಪ ಹಾಕಿ, ಕೈಮುಗಿದು, ಹಿಂದಕ್ಕೆ ಬಂದರು.

ಅಂಗಳದಲ್ಲಿ ಯಸುನೋರಿ ಅವರನ್ನು ತಡೆದ. ನಡುವಯಸ್ಸಿನವನು, ತೆಳ್ಳಗೆ, ಬೆರಳುಗಳಿಗೆ ಕಾರ್ಖಾನೆಯ ನೀಲಿ ಬಣ್ಣ ಹಿಡಿದಿತ್ತು. ದನಿ ಏರಿಸಲಿಲ್ಲ.

“ಕುರಿಹಾರ ಅವರೇ, ಒಂದು ಮಾತು ಕೇಳ್ಬೇಕಿತ್ತು. ತಲೆಗೆ ಎಂದೋ ಪೆಟ್ಟು ಬಿದ್ದು ಒಳಗೇ ನಿಧಾನಕ್ಕೆ ರಕ್ತ ಜಿನುಗ್ತಿತ್ತಂತೆ. ಎಲ್ಲಾದ್ರೂ ಬಿದ್ದಿದ್ರಾ ಅಂತ ಡಾಕ್ಟ್ರು ಕೇಳಿದ್ರು. ನನಗೆ ಗೊತ್ತಿರಲಿಲ್ಲ. ಮೊನ್ನೆ ಬಾಗಿಲ ಹತ್ರ ಆ ಪತ್ರಿಕೆ ನೋಡಿದೆ. ಅದು ನೀವು ಕಟ್ಟಿದ್ದಾ, ನಡೆದದ್ದಾ?”

ತೆತ್ಸುರೋ ಒಮ್ಮೆ ಹಿಂದೆ ತಿರುಗಿ ನೋಡಿದ. ಸುತ್ತ ಊರಿನವರು ನಿಂತಿದ್ದರು.

“ಅದೆಲ್ಲ ಕಟ್ಟಿದ್ದು. ನಗೆಚಿತ್ರ ಅಂದ್ರೆ ಹಂಗೇ ಅಲ್ವೇ” ಎಂದ. “ನಾನೇ ಊಹೆ ಮಾಡ್ಕೊಂಡು ಬರೆದದ್ದು.”

ಯಸುನೋರಿ ತಲೆಯಾಡಿಸಿ ತಿರುಗಿದ.

“ನಾನು ಮಾಡಿದ್ದು” ಎಂದ ಗೆಂತ. “ಮೇಣ ಹಚ್ಚಿದ್ದು ನಾನು.”

ಚಿಗುಸ ಮಗನ ಭುಜ ಹಿಡಿದಳು. ಯಸುನೋರಿ ವಾಪಸು ಬಂದು ಹುಡುಗನ ಮುಂದೆ ಕುಕ್ಕರಗಾಲಲ್ಲಿ ಕೂತ.

“ಬಿದ್ದಾಗ ಅಮ್ಮ ಏನಂದ್ರು?”

“ನಕ್ಕರು. ಆಮೇಲೆ ತಲೆ ಹಿಂದೆ ಕೈ ಇಟ್ಕೊಂಡು ಸುಮ್ನೆ ಕೂತಿದ್ರು. ಯಾರಿಗೂ ಹೇಳ್ಬೇಡ, ನಿನ್ನ ಬೈತಾರೆ ಅಂದ್ರು. ಬೇರೆ ಮಕ್ಕಳು ಜಾರ್ತಾರೆ, ಮೇಣ ಒರೆಸಿಬಿಡು ಅಂದ್ರು.”

“ಒರೆಸಿದ್ಯಾ?”

“ಹೂಂ. ಬಿಸಿನೀರಲ್ಲಿ.”

“ಸರಿ” ಎಂದ ಯಸುನೋರಿ. ಎದ್ದು ಒಳಗೆ ಹೋದ. ತೆತ್ಸುರೋ ಮಗನ ಪಕ್ಕದಲ್ಲೇ ನಿಂತಿದ್ದ. ಆ ಬೆಳಗ್ಗೆ ಊಟದ ಮೇಜಿನ ಮುಂದೆ ತಾನಾಡಿದ ಮಾತನ್ನು ಹೇಳಲಿಲ್ಲ. ಊರಿನವರು ಗೆಂತನನ್ನು ನೋಡುತ್ತಿದ್ದರು. ತೆತ್ಸುರೋನನ್ನು ಯಾರೂ ನೋಡುತ್ತಿರಲಿಲ್ಲ.

ಗದ್ದೆಯಂಚಿನ ದಾರಿಯಲ್ಲಿ ಮನೆಗೆ ಬರುವಾಗ ಹುಡುಗ ಬಹಳ ಮುಂದೆ ಹೋಗುತ್ತಿದ್ದ.

“ಅವನನ್ನ ಉಳಿಸೋಕೆ ಅಂತ ಸುಳ್ಳು ಹೇಳ್ದೆ” ಎಂದ ತೆತ್ಸುರೋ.

“ನೀವು ಉಳಿಸ್ಕೊಂಡಿದ್ದು ಅವನನ್ನಲ್ಲ” ಎಂದಳು ಚಿಗುಸ.

ಮಾರನೇ ಬೆಳಗ್ಗೆ ತೆತ್ಸುರೋ ಒಬ್ಬನೇ ಅಂಗಡಿಗೆ ಹೋದ. ಯಸುನೋರಿ ಜಾಡಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ತೆತ್ಸುರೋ ಮಣ್ಣಿನ ನೆಲದ ಮೇಲೆ ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟಿಸಿ, ಎಲ್ಲವನ್ನೂ ಹೇಳಿದ. ಜಾರುವ ಅಜ್ಜಿ ತನ್ನ ಯೋಚನೆ ಎಂದೂ, ಒಂದು ಸಲ ನೋಡಿದರೆ ಬರೆಯಬಹುದಿತ್ತು ಎಂದು ಮಗನ ಎದುರು ಆಡಿದ್ದು ತಾನೇ ಎಂದೂ, ಕೇಳಿ ಹೊಟ್ಟೆತುಂಬ ನಕ್ಕದ್ದನ್ನೂ.

ಯಸುನೋರಿ ಕೇಳುತ್ತಲೇ ಪೆಟ್ಟಿಗೆಗೆ ದಾರ ಕಟ್ಟಿದ. “ಇದನ್ನ ನಿನ್ನೆ ಹೇಳ್ಬೇಕಿತ್ತು” ಎಂದ. “ಆ ಹುಡುಗನ ಎದುರಿಗೆ, ಅಷ್ಟು ಜನದ ಎದುರಿಗೆ. ಇವತ್ತು ನನ್ನೊಬ್ಬನ ಹತ್ರ ಹೇಳಿದ್ರೆ ನಿಮ್ಮ ಭಾರ ಇಳಿಯತ್ತೆ. ನನಗೇನು ಬಂತು?”

“ಬರೆಯೋದು ನಿಲ್ಲಿಸಿಬಿಡ್ತೀನಿ.”

“ನಿಲ್ಲಿಸಿ ಅಂತ ನಾನು ಹೇಳಲ್ಲ. ಬರೀರಿ ಅಂತಲೂ ಹೇಳಲ್ಲ. ನಮ್ಮಮ್ಮನಿಗೆ ಅದರಲ್ಲಿ ತನ್ನ ಮುಖ ನೋಡೋದಂದ್ರೆ ಪ್ರಾಣ. ಅದಕ್ಕೇ ಇನ್ನೂ ಸಿಟ್ಟು ಬರತ್ತೆ ನನಗೆ.” ಅವನು ಬಾಗಿಲ ಕಡೆ ಕೈ ತೋರಿಸಿದ. “ಇನ್ಮೇಲೆ ಅವಳ ಮುಖ ಬರೀಬೇಡಿ. ಏಳಿ, ಬಟ್ಟೆ ಕೊಳೆಯಾಗತ್ತೆ.”

ಗೆಂತ ಶಾಲೆಗೆ ಹೋಗಿರಲಿಲ್ಲ. ತೊನೆ ನದಿಯ ಏರಿಯ ಮೇಲೆ, ಒದ್ದೆ ಹುಲ್ಲಿನಲ್ಲಿ ಕೂತಿದ್ದ. ತೆತ್ಸುರೋ ಹೋಗಿ ಪಕ್ಕದಲ್ಲಿ ಕೂತ.

“ಲೋ ಗೆಂತ, ತಪ್ಪು ನಿನ್ನದಲ್ಲ. ನಾನು ಆವತ್ತು ಹಂಗೆ ಮಾತಾಡ್ದೆ. ಅದಕ್ಕೇ ನೀನು ಹೋಗಿ ಮಾಡ್ದೆ. ತಪ್ಪು ನನ್ನದು.”

“ಅಜ್ಜಿ ತಲೆ ಟಕ್ ಅಂದಿದ್ದು ನನಗೆ ಕೇಳಿಸ್ತು” ಎಂದ ಹುಡುಗ. “ಹೇಳೋಣ ಅಂತಲೇ ಬಂದೆ. ನೀನು ನಗ್ತಿದ್ದೆ. ಅಷ್ಟು ನಗ್ತಿದ್ದೆಯಲ್ಲ, ಅದಕ್ಕೇ ಹೇಳಲಿಲ್ಲ.”

ತೆತ್ಸುರೋ ಅವನ ಬೆನ್ನ ಮೇಲೆ ಕೈಯಿಟ್ಟ. ಹುಡುಗ ಸರಿದು ಕೂರಲಿಲ್ಲ, ಒರಗಲೂ ಇಲ್ಲ. ಕೈ ಅಲ್ಲಿ ಸುಮ್ಮನೆ ಇತ್ತು.

ಆ ವಾರ ತೆತ್ಸುರೋ ನಿಶಿವಾಕಿಗೆ ಫೋನ್ ಮಾಡಿ ಇನ್ನು ಬರೆಯಲಾರೆ ಎಂದ. ಆ ತುದಿಯಲ್ಲಿ ನಿಶಿವಾಕಿ ಈ ಬಾರಿ ನಗಲಿಲ್ಲ. “ಮೇಷ್ಟ್ರೇ, ನಿಮ್ಮ ದುಃಖ ನನಗೆ ಅರ್ಥ ಆಗತ್ತೆ. ಆದ್ರೆ ಆ ಸಂಚಿಕೆ ಓದುಗರ ಮತದಲ್ಲಿ ಮೊದಲನೇದು ಬಂದಿದೆ. ಒಪ್ಪಂದ ವರ್ಷದ ಕೊನೆ ತನಕ ಇದೆ” ಎಂದ. ತೆತ್ಸುರೋ ಬರೆದ. ಅಜ್ಜಿ ಎಲ್ಲಿ, ಅಜ್ಜಿಯನ್ನು ಮತ್ತೆ ಜಾರಿಸಿ ಎಂದು ಊರೂರಿನ ಮಕ್ಕಳು ಕಾಗದ ಬರೆದರು. ಅವನು ಅವಳನ್ನು ಬರೆಯಲಿಲ್ಲ. ಮಮೆಕಿಚಿ ಏನು ಮಾಡಹೋದರೂ ತೆತ್ಸುರೋನ ಕೈ ಅರ್ಧದಲ್ಲಿ ನಿಲ್ಲುತ್ತಿತ್ತು. ಯಾರನ್ನಾದರೂ ಬೀಳಿಸಬೇಕು, ಯಾರಿಗಾದರೂ ಪೆಟ್ಟಾಗಬೇಕು; ಬೇರೆ ದಾರಿಯಲ್ಲಿ ನಗಿಸುವುದು ಅವನಿಗೆ ಬರುತ್ತಿರಲಿಲ್ಲ. ಚಳಿಗಾಲದ ಹೊತ್ತಿಗೆ ಮತ ತಳ ಕಂಡಿತು. ಪತ್ರಿಕೆಯವರು ಗದ್ದಲವಿಲ್ಲದೆ ಕಥೆ ಮುಗಿಸಿದರು.

ಮನೆಯಲ್ಲಿ ಗೆಂತ ತನ್ನ ಹಾಸಿಗೆ ತಾನೇ ಮಡಚುತ್ತಿದ್ದ. ಪಾತ್ರೆ ತೊಳೆಯುತ್ತಿದ್ದ. ಅಮ್ಮ ಮೆಟ್ಟಿಲಿಳಿಯುವ ಮುಂಚೆ ತಾನು ಇಳಿದು, ಪ್ರತಿ ಮೆಟ್ಟಿಲನ್ನೂ ಅಂಗೈಯಿಂದ ಸವರಿ ನೋಡುತ್ತಿದ್ದ. ಶಾಲೆಯಲ್ಲಿ ಹುಡುಗರು ‘ಅಜ್ಜಿಯನ್ನು ಜಾರಿಸಿದವನು’ ಎಂದು ಪಿಸುಗುಟ್ಟುತ್ತಿದ್ದರು, ಅವನು ಅಲ್ಲಗಳೆಯುತ್ತಿರಲಿಲ್ಲ. ಹೊಸ ವರ್ಷ ಕಳೆದ ಮೇಲೆ ಚಿಗುಸ ಅವನನ್ನು ಕರೆದುಕೊಂಡು ಉತ್ತರದ ಮುರಕಾಮಿಗೆ, ಸಮುದ್ರದ ಕಡೆಯ ತವರಿಗೆ ಹೊರಟಳು.

“ಜಗಳಕ್ಕಲ್ಲ ನಾನು ಹೋಗ್ತಿರೋದು” ಎಂದಳು ಚೀಲದ ಬಾಯಿ ಕಟ್ಟುತ್ತ. “ಈ ಮನೇಲಿ ಅವನು ನಿಮ್ಮ ಮುಖ ನೋಡ್ಕೊಂಡೇ ಉಸಿರಾಡ್ತಾನೆ. ಅದು ಬಿಡಬೇಕು ಅವನಿಗೆ.” ತೆತ್ಸುರೋ ಚೀಲ ಹೊತ್ತು ಸ್ಟೇಷನ್ನಿಗೆ ಬಂದ.

ಅವನೀಗ ಬೀಜ ಮಾರುವ ಒಂದು ಸಂಸ್ಥೆಗೆ ಪೊಟ್ಟಣದ ಚಿತ್ರ ಬರೆಯುತ್ತಾನೆ. ಮೂಲಂಗಿ, ಪಾಲಕ್, ಬಿಳಿ ಎಲೆಕೋಸು. ವರ್ಷಕ್ಕೆ ಒಂದೆರಡು ಸಲ ಮುರಕಾಮಿಗೆ ಹೋಗಿಬರುತ್ತಾನೆ. ಕಳೆದ ಸಲ ಹೋದಾಗ ಚಳಿ ಶುರುವಾಗಿತ್ತು, ಮನೆಗಳ ಸೂರಿನಿಂದ ಉಪ್ಪು ಸವರಿದ ಸಾಲ್ಮನ್ ಮೀನುಗಳು ತೂಗುತ್ತಿದ್ದವು. ಗೆಂತ ಅವನ ಭುಜದ ತನಕ ಬೆಳೆದಿದ್ದ. “ಬನ್ನಿ ಅಪ್ಪ. ಪ್ರಯಾಣ ಸುಖವಾಗಿತ್ತಾ?” ಎಂದ. ಮೊದಲೆಲ್ಲ ನೀನು ಎನ್ನುತ್ತಿದ್ದವನು. ಯಾವಾಗ ಬದಲಾಯಿಸಿದನೋ ತೆತ್ಸುರೋಗೆ ನೆನಪಾಗಲಿಲ್ಲ.

ಮಧ್ಯಾಹ್ನದ ರೈಲಿಗೆ ಬಿಡಲು ಹುಡುಗನೇ ಬಂದ. ಬೀಸುವ ಗಾಳಿಗೆ ಇಬ್ಬರೂ ತಲೆತಗ್ಗಿಸಿ ನಡೆದರು. ಸ್ಟೇಷನ್ನಿನ ಬೆಂಚಿನ ಮೇಲೆ ಕೂತ ಮೇಲೆ ಗೆಂತ ಕೇಳಿದ:

“ಯಸುನೋರಿ ಅವರು ನಮ್ಮನ್ನ ಕ್ಷಮಿಸಿದ್ರಾ?”

“ಗೊತ್ತಿಲ್ಲ ಕಣೋ.”

“ಕೇಳ್ಲಿಲ್ವಾ ನೀವು?”

“ಧೈರ್ಯ ಬರ್ಲಿಲ್ಲ.”

ಗೆಂತ ತಲೆಯಾಡಿಸಿದ. ಅದರಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. “ನಾನು ದೊಡ್ಡೋನಾದ ಮೇಲೆ ಹೋಗಿ ಕೇಳ್ತೀನಿ” ಎಂದ.

“ಇಬ್ರೂ ಹೋಗೋಣ” ಎಂದ ತೆತ್ಸುರೋ.

ರೈಲು ಬಂತು. ಹುಡುಗ ಅಪ್ಪನ ಚೀಲವನ್ನು ಬಾಗಿಲೊಳಗೆ ಎತ್ತಿಟ್ಟು, ಹಿಂದೆ ಸರಿದು, ಸೊಂಟ ಬಾಗಿಸಿ ನಮಸ್ಕರಿಸಿದ. ರೈಲು ಹೊರಟು ದೂರವಾಗುವ ತನಕ ಹಾಗೇ ಬಾಗಿಕೊಂಡಿದ್ದ.